ಹೆಂಗಸರ ವಾಚಿಗೆ ಅಂಕಿ ಏಕಿಲ್ಲ?

ಮೇಷ್ಟರ ಕೆಲಸಕ್ಕೆ ಸೇರಿ ಮೂವತ್ತು ವರ್ಷ ಹತ್ತಿರವಾಗುತ್ತ ಬಂತು. ಇಷ್ಟು ವರ್ಷಗಳಲ್ಲಿ ಮಕ್ಕಳಿಗೆ ತಪ್ಪು ಹೇಳಿಯೇ ಇಲ್ಲ ಎಂದು ಎದೆ ಮುಟ್ಟಿ ಹೇಳಲಾರೆ. ಒಂದು ಯುದ್ಧದ ಇಸವಿ, ಒಂದು ನದಿಯ ಹೆಸರು ಬಾಯಿತಪ್ಪಿ ಬೇರೆಯಾಗಿ ಬಂದದ್ದುಂಟು. ಮಾರನೆಯ ದಿನ ತಿದ್ದಿ ಹೇಳಿದರೆ ಮಕ್ಕಳು ನಕ್ಕು ಸುಮ್ಮನಾಗುತ್ತಾರೆ. ಆದರೆ ಹೋದ ಫೆಬ್ರವರಿಯಲ್ಲಿ ನಾನು ಹೇಳಿದ ಒಂದು ತಪ್ಪನ್ನು ತಿದ್ದಲು ಮಾರನೆಯ ದಿನ ಉಪಯೋಗಕ್ಕೆ ಬರಲಿಲ್ಲ.

ಹತ್ತನೇ ತರಗತಿಯವರ ಪೂರ್ವಸಿದ್ಧತಾ ಪರೀಕ್ಷೆ. ಬೆಳಿಗ್ಗೆಯಿಂದ ಕರೆಂಟಿಲ್ಲ, ಆದ್ದರಿಂದ ಗಂಟೆಯೂ ಇಲ್ಲ. ಕೊಠಡಿಯ ಗೋಡೆ ಗಡಿಯಾರ ಸೆಲ್ಲು ಮುಗಿದು ಎಂದೋ ನಿಂತಿತ್ತು. ಪರೀಕ್ಷಾ ಕೊಠಡಿಯೊಳಗೆ ಮೊಬೈಲ್ ಒಯ್ಯುವಂತಿಲ್ಲವೆಂಬುದು ನಿಮಗೂ ಗೊತ್ತು. ಉಳಿದದ್ದು ನನ್ನ ಕೈಯಲ್ಲಿದ್ದ ವಾಚು ಒಂದೇ. ಕೊನೆಯ ಬೆಂಚಿನಿಂದ ಒಬ್ಬ ಹುಡುಗಿ, "ಮಿಸ್, ಇನ್ನೆಷ್ಟು ಹೊತ್ತಿದೆ?" ಎಂದಳು. ಕೈ ಎತ್ತಿ ನೋಡಿದೆ. ಚಾಳೀಸಿನ ಕನ್ನಡಕ ತಲೆಯ ಮೇಲಿತ್ತು, ನಿಜ. ದೊಡ್ಡ ಮುಳ್ಳು ಹನ್ನೆರಡರ ಹತ್ತಿರ ಇದ್ದಂತೆ ಕಂಡಿತು. "ಒಂದು ಗಂಟೆ ಕಣಮ್ಮ, ಇನ್ನು ಹದಿನೈದು ನಿಮಿಷ ಇದೆ, ನಿಧಾನವಾಗಿ ಬರಿ" ಎಂದೆ. ಆಗ ನಿಜವಾಗಿ ಒಂದು ಗಂಟೆ ಐದು ನಿಮಿಷವಾಗಿತ್ತು. ಮುಖ್ಯೋಪಾಧ್ಯಾಯರು ಸೀಟಿ ಊದಿದಾಗ ಆ ಹುಡುಗಿ ನಕ್ಷೆಯಲ್ಲಿ ಎರಡು ಸ್ಥಳಗಳನ್ನು ಗುರುತಿಸಿ ಮೂರನೆಯದರ ಮೇಲೆ ಪೆನ್ಸಿಲ್ ಇಟ್ಟಿದ್ದಳು. ಉತ್ತರಪತ್ರಿಕೆ ಕೊಡುವಾಗ ಜಗಳವಾಡಲಿಲ್ಲ. "ನೀವು ಹದಿನೈದು ನಿಮಿಷ ಅಂದ್ರಲ್ಲ ಮಿಸ್" ಎಂದಳು, ಅಷ್ಟೆ.

ಆ ಮಾತು ಮನೆಯವರೆಗೂ ನನ್ನ ಜೊತೆಯಲ್ಲೇ ಬಂತು. ರಾತ್ರಿ ಅಡಿಗೆಮನೆ ತೊಳೆದು ಮುಗಿದ ಮೇಲೆ ಕನ್ನಡಕ ಹಾಕಿಕೊಂಡು, ಆ ವಾಚನ್ನು ಮೇಜಿನ ಮೇಲಿಟ್ಟು, ಮಕ್ಕಳ ಉತ್ತರಪತ್ರಿಕೆ ತಿದ್ದುವ ಹಾಗೆ ತಿದ್ದತೊಡಗಿದೆ. ಇಪ್ಪತ್ತೈದು ವರ್ಷ ಸೇವೆ ಮುಗಿಸಿದಾಗ ಕೊಟ್ಟ ಉಡುಗೊರೆ ಅದು. ಬಂಗಾರದ ಬಣ್ಣದ ಚೈನು, ಹುಣಸೆಬೀಜಕ್ಕಿಂತ ಒಂದಿಷ್ಟು ದೊಡ್ಡದಾದ ಡಯಲ್. ಡಯಲೂ ಬಂಗಾರದ ಬಣ್ಣ, ಅದರ ಮೇಲೆ ಓಡುವ ಮುಳ್ಳುಗಳೂ ಬಂಗಾರದ ಬಣ್ಣ. ಎರಡು ಮುಳ್ಳುಗಳ ಉದ್ದದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಸೆಕೆಂಡಿನ ಮುಳ್ಳು ಇಲ್ಲವೇ ಇಲ್ಲ. ಅಂಕಿಗಳಿರಬೇಕಾದಲ್ಲಿ ಹನ್ನೆರಡು, ಮೂರು, ಆರು, ಒಂಬತ್ತರ ಜಾಗದಲ್ಲಿ ನಾಲ್ಕು ಬಿಳಿ ಕಲ್ಲುಗಳು. ನಡುವೆ ಏನೂ ಇಲ್ಲ. ಒಂದು ಗಂಟೆಗೂ ಒಂದು ಗಂಟೆ ಐದು ನಿಮಿಷಕ್ಕೂ ನಡುವಿನ ಅಂತರ ಆ ಡಯಲಿನ ಮೇಲೆ ಒಂದು ಸಾಸಿವೆಕಾಳಿನಷ್ಟು.

ಅಂದವಾಗಿಲ್ಲವೇ ಎಂದರೆ ಅಂದವಾಗಿದೆ. ಮದುವೆಮನೆಯಲ್ಲಿ ಅದನ್ನು ಕಟ್ಟಿಕೊಂಡು ಹೋದರೆ ನಾಲ್ಕು ಜನ ಕೈ ಹಿಡಿದು ನೋಡಿದ್ದಾರೆ. ಇಲ್ಲಿಯೇ ನನಗೆ ಅನುಮಾನ ಬಂತು. ಈ ವಾಚನ್ನು ಮಾಡಿದವನು ಅದನ್ನು ಯಾರು ನೋಡುತ್ತಾರೆ ಎಂದುಕೊಂಡಿದ್ದ? ಕಟ್ಟಿಕೊಂಡವಳು ನೋಡುತ್ತಾಳೆ ಎಂದುಕೊಂಡಿದ್ದರೆ ಅಂಕಿ ಬರೆಯುತ್ತಿದ್ದ. ಬೇರೆಯವರು ನೋಡಲಿ ಎಂದು ಮಾಡಿದ್ದರಿಂದಲೇ ಕಲ್ಲು ಕೂರಿಸಿದ್ದಾನೆ. ನಮ್ಮವರ ಕೈಯಲ್ಲಿರುವ ವಾಚಿನಲ್ಲಿ ಹನ್ನೆರಡು ಗೆರೆ, ಅರವತ್ತು ಗುರುತು, ತಾರೀಖು, ವಾರ ಎಲ್ಲ ಇದೆ. ಅವರು ನಿವೃತ್ತರಾಗಿ ಎರಡು ವರ್ಷವಾಯಿತು. ಬೆಳಿಗ್ಗೆ ಐದಕ್ಕೆದ್ದು ಹಾಲು, ನೀರು, ತಿಂಡಿ, ಡಬ್ಬಿ, ಒಂಬತ್ತೂ ಕಾಲರ ಬಸ್ಸು, ಏಳು ಪೀರಿಯಡ್ಡು ಎಂದು ನಿಮಿಷ ಲೆಕ್ಕ ಹಾಕಿ ಬದುಕುವವಳು ನಾನು. ನನ್ನ ಕೈಗೆ ಮಾತ್ರ ಅಂಕಿ ಇಲ್ಲದ ಗಡಿಯಾರ!

"ಹಾಗಾದ್ರೆ ಬೇರೆ ತಗೊಳ್ಳೇ, ಅದಕ್ಯಾಕೆ ಇಷ್ಟು ಮುಖ ಸಣ್ಣ ಮಾಡ್ಕೊಂಡಿದೀಯ" ಎಂದರು ಇವರು. ಬೆಂಗಳೂರಿನಲ್ಲಿರುವ ಮಗಳು ಫೋನಿನಲ್ಲಿ, "ಅಮ್ಮಾ, ಸ್ಮಾರ್ಟ್ ವಾಚ್ ಕಳಿಸ್ತೀನಿ, ಹೆಜ್ಜೆನೂ ಲೆಕ್ಕ ಹಾಕತ್ತೆ" ಎಂದಳು. ನನ್ನ ಹೆಜ್ಜೆಗಳನ್ನು ಇಷ್ಟು ವರ್ಷ ಯಾರೂ ಲೆಕ್ಕ ಹಾಕದೆಯೇ ಕಾಲ ಕಳೆದಿದೆ. ಅಲ್ಲದೆ ಮೊಬೈಲಿಗೆ ಅಣ್ಣತಮ್ಮನಂತಿರುವ ಅದನ್ನು ಪರೀಕ್ಷಾ ಕೊಠಡಿಗೆ ಒಯ್ಯುವುದು ಹೇಗೆ? ದಿನ ಬಿಟ್ಟು ದಿನ ಚಾರ್ಜಿಗೆ ಹಾಕುವ ಇನ್ನೊಂದು ಪದಾರ್ಥ ಮನೆಯಲ್ಲಿ ಬೇಡವೆಂದೆ. ನನಗೆ ಬೇಕಾದದ್ದು ಸೀಮೆಸುಣ್ಣದ ಪುಡಿಗೂ, ನಲ್ಲಿ ನೀರಿಗೂ, ಚುನಾವಣಾ ಡ್ಯೂಟಿಗೂ, ಮನೆ ಮನೆ ಗಣತಿಗೂ ಜಗ್ಗದ, ಮೂರು ಸಾವಿರದೊಳಗಿನ ಒಂದು ಗಟ್ಟಿ ವಾಚು. ಇಂಥ ವಾಚಿಗೆ ಇಂಗ್ಲಿಷಿನಲ್ಲಿ 'ಫೀಲ್ಡ್ ವಾಚ್' ಎನ್ನುತ್ತಾರಂತೆ. ಫೀಲ್ಡ್ ಎಂದರೆ ಅವರ ಅರ್ಥದಲ್ಲಿ ಯುದ್ಧಭೂಮಿ. ಅರವತ್ತು ಮಕ್ಕಳ ತರಗತಿಯನ್ನು ನೋಡಿದವರು ಈ ಹೆಸರನ್ನು ತಪ್ಪು ತಿಳಿಯಲಾರರು.

ಸಮಾಜ ವಿಜ್ಞಾನ ಹೇಳಿಕೊಡುವವಳಾದ್ದರಿಂದ ನಾನು ಮೊದಲ ಮಹಾಯುದ್ಧದ ಪಾಠವನ್ನು ವರ್ಷ ವರ್ಷವೂ ಮಾಡುತ್ತೇನೆ. 1914ರಿಂದ 1918, ಕಾರಣಗಳು, ಪರಿಣಾಮಗಳು. ಆ ಪಾಠದಲ್ಲಿ ಎಲ್ಲೂ ಬಾರದ ಒಂದು ಸಂಗತಿ ಈ ವಾಚಿನ ಹಿಂದೆ ಬಿದ್ದಾಗ ಗೊತ್ತಾಯಿತು. ಕೈಗೆ ಗಡಿಯಾರ ಕಟ್ಟುವುದು ಮೊದಲು ಹೆಂಗಸರ ರೂಢಿ. ನೆಪೋಲಿಯನ್ನನ ತಂಗಿ, ನೇಪಲ್ಸಿನ ರಾಣಿ ಕ್ಯಾರೊಲಿನ್ ಮುರಾ, 1810ರಲ್ಲಿ ಪ್ಯಾರಿಸ್ಸಿನ ಬ್ರೆಗೆ ಎಂಬ ಗಡಿಯಾರಗಾರನಿಗೆ ಹೇಳಿ ಕೈಗೆ ಕಟ್ಟುವ ಗಡಿಯಾರ ಮಾಡಿಸಿಕೊಂಡಳು. ಆಮೇಲೆ ನೂರು ವರ್ಷ ಕೈಗಡಿಯಾರವೆಂದರೆ ಯೂರೋಪಿನಲ್ಲಿ ಹೆಂಗಸರ ಬಳೆಯ ಒಂದು ಬಗೆ. ಗಂಡಸರ ಗಡಿಯಾರ ಸರಪಳಿಯ ತುದಿಯಲ್ಲಿ ಜೇಬಿನಲ್ಲಿರುತ್ತಿತ್ತು. ಕೈಗೆ ಕಟ್ಟಿದ ಗಂಡಸನ್ನು ನೋಡಿ ಬೇರೆ ಗಂಡಸರು ನಗುತ್ತಿದ್ದರು.

ನಗು ನಿಂತದ್ದು ಯುದ್ಧದಲ್ಲಿ. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ, 1899ರಿಂದ 1902ರವರೆಗೆ, ಬ್ರಿಟಿಷ್ ಸೈನಿಕರು ಜೇಬಿನ ಗಡಿಯಾರವನ್ನು ಚರ್ಮದ ಬಟ್ಟಲಿನಂಥ ಪಟ್ಟಿಯಲ್ಲಿ ಕೂರಿಸಿ ಮುಂಗೈಗೆ ಬಿಗಿದುಕೊಂಡರು. ಮಹಾಯುದ್ಧದ ಕಂದಕಗಳಿಗೆ ಬಂದಾಗ ಅದು ಅನಿವಾರ್ಯವೇ ಆಯಿತು. ಫಿರಂಗಿಗಳು ಇಂಥ ನಿಮಿಷಕ್ಕೆ ನಿಲ್ಲುತ್ತವೆ, ಆ ನಿಮಿಷಕ್ಕೆ ಕಾಲಾಳುಗಳು ಮೇಲೆದ್ದು ಓಡಬೇಕು. ಎರಡು ಕೈಯೂ ಬಂದೂಕಿನ ಮೇಲಿರುವಾಗ ಜೇಬಿಗೆ ಕೈ ಹಾಕಿ ಗಡಿಯಾರ ತೆಗೆಯುವುದೆಲ್ಲಿ ಬಂತು? ನಿಮಿಷ ತಪ್ಪಿದರೆ ಪ್ರಾಣ. ಆಗ ಡಯಲಿನ ಮೇಲೆ ದಪ್ಪ ಅಂಕಿ ಬಂತು, ಕತ್ತಲಲ್ಲಿ ಹೊಳೆಯುವ ಮುಳ್ಳು ಬಂತು, ಗಾಜಿನ ಮೇಲೆ ಲೋಹದ ಜಾಲರಿ ಬಂತು. ಯುದ್ಧ ಮುಗಿಸಿ ಬಂದ ಸೈನಿಕನ ಕೈಯಲ್ಲಿದ್ದದ್ದನ್ನು ನೋಡಿ ನಗುವ ಧೈರ್ಯ ಯಾರಿಗೂ ಇರಲಿಲ್ಲ. ಕೈಗಡಿಯಾರ ಗಂಡಸರದಾಯಿತು. ಹೆಂಗಸರ ಕೈಯಲ್ಲಿದ್ದದ್ದು ಮಾತ್ರ ಇನ್ನೂ ಬಳೆಯಾಗಿಯೇ ಉಳಿಯಿತು. ಅಂಕಿ ಇಲ್ಲದ ನನ್ನ ವಾಚು ಆ ಬಳೆಯ ಮೊಮ್ಮಗಳು.

ಕತ್ತಲಲ್ಲಿ ಹೊಳೆಯುವ ಆ ಮುಳ್ಳುಗಳ ಕತೆಯನ್ನೂ ಹೇಳಲೇಬೇಕು. ನಮ್ಮೂರಲ್ಲಿ ಕತ್ತಲಲ್ಲಿ ಮಿನುಗುವುದಕ್ಕೆಲ್ಲ 'ರೇಡಿಯಂ' ಎನ್ನುತ್ತಾರೆ. ಸ್ಕೂಟರಿನ ನಂಬರ್ ಪ್ಲೇಟಿಗೆ ಅಂಟಿಸುವ ಕಾಗದವೂ ರೇಡಿಯಮ್ಮೇ. ಆ ಕಾಗದದಲ್ಲಿ ರೇಡಿಯಂ ಇಲ್ಲ, ಹೆಸರು ಮಾತ್ರ ಉಳಿದಿದೆ. ಆದರೆ ಅಂದಿನ ವಾಚುಗಳಲ್ಲಿ ಇದ್ದದ್ದು ನಿಜವಾದ ರೇಡಿಯಂ. 1898ರಲ್ಲಿ ಮೇರಿ ಕ್ಯೂರಿ ಗಂಡನೊಡನೆ ಕಂಡುಹಿಡಿದ ಅದೇ ವಸ್ತು. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಎಂಬ ಊರಿನ ಕಾರ್ಖಾನೆಯಲ್ಲಿ 1917ರಿಂದ ಎಳೆಯ ಹುಡುಗಿಯರು ಡಯಲುಗಳಿಗೆ ಆ ಬಣ್ಣ ಬಳಿಯುತ್ತಿದ್ದರು. ಕುಂಚದ ತುದಿ ಚೂಪಾಗಲಿ ಎಂದು ತುಟಿಯ ನಡುವೆ ಇಟ್ಟು ಎಳೆಯಲು ಹೇಳಿಕೊಟ್ಟಿದ್ದರು. ಅಪಾಯವಿಲ್ಲವೆಂದು ನಂಬಿಸಿದ್ದರು. ಕೆಲವು ವರ್ಷಗಳಲ್ಲಿ ಹಲ್ಲು ಉದುರಿ, ದವಡೆಯ ಮೂಳೆ ಕೊಳೆತು, ಒಬ್ಬೊಬ್ಬರಾಗಿ ಸತ್ತರು. ಗ್ರೇಸ್ ಫ್ರೈಯರ್ ಮತ್ತು ಇನ್ನು ನಾಲ್ವರು ನ್ಯಾಯಾಲಯಕ್ಕೆ ಹೋದರು, 1928ರಲ್ಲಿ ರಾಜಿಯಾಗಿ ಪರಿಹಾರ ಸಿಕ್ಕಿತು. ಗಂಡಸರ ಕೈಯ ಗಡಿಯಾರ ಕತ್ತಲಲ್ಲಿ ಕಾಣುವಂತೆ ಮಾಡಿದ್ದು ಈ ಹುಡುಗಿಯರ ತುಟಿ. ಇಂದು ಸಾಮಾನ್ಯವಾಗಿ ಬಳಸುವ ಬಣ್ಣಕ್ಕೆ ಆ ವಿಷವಿಲ್ಲ, ಬೆಳಕನ್ನು ಹೀರಿ ಕತ್ತಲಲ್ಲಿ ಬಿಡುತ್ತದೆ ಅಷ್ಟೆ. ಆದರೂ ಅಂಗಡಿಯಲ್ಲಿ ಹೊಳೆಯುವ ಮುಳ್ಳು ಕಂಡಾಗ ನನಗೆ ಅವರ ನೆನಪು ಬಂದೇ ಬರುತ್ತದೆ.

ಎರಡನೆಯ ಮಹಾಯುದ್ಧದ ಕೊನೆಗೆ ಬ್ರಿಟಿಷ್ ಸೇನೆ ತನ್ನ ಸೈನಿಕರ ವಾಚು ಹೇಗಿರಬೇಕೆಂದು ಬರೆದುಕೊಟ್ಟಿತು. ಕಪ್ಪು ಡಯಲ್, ಅದರ ಮೇಲೆ ಎಲ್ಲರೂ ಓದಬಲ್ಲ ಸಾದಾ ಅಂಕಿ, ಸುತ್ತ ರೈಲುಹಳಿಯಂತೆ ನಿಮಿಷದ ಗೆರೆಗಳು, ಹೊಳೆಯುವ ಮುಳ್ಳು, ನೀರು ಹೋಗದ ಕೇಸು, ಚೂರಾಗದ ಗಾಜು. ಹನ್ನೆರಡು ಕಂಪನಿಗಳು ಈ ಲೆಕ್ಕಕ್ಕೆ 1945ರಲ್ಲಿ ವಾಚು ಒದಗಿಸಿದವು. ಇಂದಿಗೂ ಗಟ್ಟಿ ವಾಚು ಎಂದರೆ ಈ ಪಟ್ಟಿಯೇ ಆಧಾರ. ಓದುತ್ತ ಓದುತ್ತ ನನ್ನ ಗಮನ ನಿಂತದ್ದು ಅಳತೆಯ ಮೇಲೆ. ಆ ವಾಚುಗಳ ಅಗಲ ಸುಮಾರು 35ರಿಂದ 38 ಮಿಲಿಮೀಟರ್. ಈಗ ಅಂಗಡಿಯಲ್ಲಿ 'ರಫ್ ಅಂಡ್ ಟಫ್' ಎಂದು ಮಾರುವ ಗಂಡಸರ ವಾಚುಗಳು ಎಷ್ಟೋ ಸಲ 44, 45 ಮಿಲಿಮೀಟರ್ ಇರುತ್ತವೆ. ಒಳಗೆ ಮೂರು ಸಣ್ಣ ಡಯಲ್, ಸುತ್ತ ಹಲ್ಲಿನ ಚಕ್ರ, ಹೊರಗೆ ಮೂರು ಗುಂಡಿ. ನಿಜವಾದ ಯುದ್ಧಕ್ಕೆ ಹೋದ ವಾಚು ಚಿಕ್ಕದು, ಸಾದಾ. ಯುದ್ಧಕ್ಕೆ ಹೋಗದ ವಾಚು ಮಾತ್ರ ಮೀಸೆ ತಿರುವಿಕೊಂಡು ನಿಂತಿದೆ. ಹೆಂಗಸರ ವಾಚು ಒಡವೆಯ ವೇಷ ಹಾಕಿದರೆ ಗಂಡಸರ ವಾಚು ಪೈಲ್ವಾನನ ವೇಷ ಹಾಕಿದೆ. ಹೊತ್ತು ತೋರಿಸುವ ಕೆಲಸವನ್ನು ಎರಡೂ ಎರಡನೆಯದಾಗಿ ಮಾಡುತ್ತವೆ.

ಹಾಗಾದರೆ ಹೊತ್ತು ತೋರಿಸುವುದನ್ನೇ ಮೊದಲ ಕೆಲಸವೆಂದುಕೊಂಡ ಸಾದಾ ವಾಚು ನಮ್ಮಲ್ಲಿ ಇರಲಿಲ್ಲವೇ? ಇತ್ತು. ನಮ್ಮ ಅಪ್ಪನ ಕೈಯಲ್ಲಿತ್ತು. ಅಪ್ಪ ಸರ್ವೆ ಇಲಾಖೆಯಲ್ಲಿದ್ದರು. ಸರಪಳಿ ಹಿಡಿದು ಬಿಸಿಲಲ್ಲಿ ಹೊಲ ಅಳೆಯುವ ಕೆಲಸ. ಅವರ ಎಚ್.ಎಂ.ಟಿ. ಜನತಾ ಎಷ್ಟು ಬೇಲಿ ದಾಟಿತ್ತೋ, ಎಷ್ಟು ಹಳ್ಳದಲ್ಲಿ ಕೈ ತೊಳೆದಿತ್ತೋ. ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ ಅದಕ್ಕೆ ಕೀ ಕೊಡುತ್ತಿದ್ದರು. ಆ ಕಿರ್ ಕಿರ್ ಶಬ್ದ ಕೇಳಿದರೆ ನಾವು ಮಕ್ಕಳು ಏಳಬೇಕೆಂದು ಅರ್ಥ.

ನಮ್ಮ ಎಚ್.ಎಂ.ಟಿ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡತೊಡಗಿತು. ಜನತಾ, ಸೋನಾ, ಕಾಂಚನ್, ಕಪ್ಪು ಡಯಲಿನ ಪೈಲಟ್, ಸೈನಿಕರ ಹೆಸರು ಹೊತ್ತ ಜವಾನ್. ಜನತಾದೊಳಗೆ ಹದಿನೇಳು ಹರಳು. ಡಯಲಿನ ಮೇಲೆ 'ಪ್ಯಾರಾಶಾಕ್' ಎಂದು ಬರೆದಿರುವುದನ್ನು ನೀವೂ ನೋಡಿರಬಹುದು. ವಾಚಿನ ಎದೆಬಡಿತದಂತಿರುವ ಚಕ್ರದ ಕೂದಲೆಳೆಯಂಥ ತುದಿಯನ್ನು ಸಣ್ಣ ಸ್ಪ್ರಿಂಗಿನ ಆಸರೆಯಲ್ಲಿ ಕೂರಿಸಿ, ಪೆಟ್ಟು ಬಿದ್ದಾಗ ಅದು ಮುರಿಯದಂತೆ ಮಾಡಿದ ಉಪಾಯ ಅದು. ಇನ್ನೊಂದು ಮಾತು. ಇದೇ ಕಾರ್ಖಾನೆ ಕಣ್ಣು ಕಾಣದವರಿಗಾಗಿ ಗಾಜಿನ ಮುಚ್ಚಳ ತೆರೆದು ಮುಳ್ಳುಗಳನ್ನು ಬೆರಳಿನಿಂದ ಮುಟ್ಟಿ ತಿಳಿಯುವ ಬ್ರೈಲ್ ವಾಚನ್ನೂ ಮಾಡಿತು. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ಜಾಲಹಳ್ಳಿಯ ಎಚ್.ಎಂ.ಟಿ. ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆವು. 'ಇದನ್ನು ಯಾರು ಓದುತ್ತಾರೆ?' ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಂಡು ವಾಚು ಮಾಡಿದ ಜನ ನಮ್ಮ ನಡುವೆ ಇದ್ದರಲ್ಲ ಎಂದು ಅಲ್ಲಿ ಅನ್ನಿಸಿತು. ವಾಚು ಜೋಡಿಸುವ ಸಾಲುಗಳಲ್ಲಿ ಹೆಣ್ಣುಮಕ್ಕಳೂ ಕೂತಿರುತ್ತಿದ್ದರು. ಅವರು ಜೋಡಿಸಿದ ಜನತಾ ಮಾತ್ರ ಅಳಿಯನ ಕೈಗೆ ಹೋಗುತ್ತಿತ್ತು, ಎಸ್ಸೆಸ್ಸೆಲ್ಸಿ ಪಾಸಾದ ಮಗನ ಕೈಗೆ ಹೋಗುತ್ತಿತ್ತು. ನಮ್ಮ ಮನೆಯಲ್ಲೂ ಅಪ್ಪನ ತರುವಾಯ ಅದು ಅಣ್ಣನಿಗೆ ಹೋಯಿತು. ಅಣ್ಣನ ಬೀರುವಿನಲ್ಲಿದೆ, ನಿಂತಿದೆ.

ಅದನ್ನೇ ಕೇಳಿ ಪಡೆಯಬಾರದೇಕೆ ಎಂದು ನನಗೂ ಅನ್ನಿಸಿತು. ಬಸ್ ನಿಲ್ದಾಣದ ಹಿಂದೆ ನಲವತ್ತು ವರ್ಷದಿಂದ ವಾಚು ರಿಪೇರಿ ಮಾಡುವ ಸಾಹೇಬರನ್ನು ಕೇಳಿದೆ. ಅವರು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿ ತೆಗೆದು, "ಜನತಾ ಒಳ್ಳೇ ವಾಚು ಟೀಚರಮ್ಮ, ನಾನು ಇಲ್ಲ ಅನ್ನಲ್ಲ. ಆದ್ರೆ ದಿನಾ ಕೀ ಕೊಡಬೇಕು, ನೀರು ತಾಗಿಸಬಾರ್ದು. ನಿಮ್ಗೆ ಒಂದು ನಿಮಿಷ ಆಚೆ ಈಚೆ ಆಗ್ಬಾರ್ದು ಅಂದ್ರೆ ಇದು ಬೇಡ" ಎಂದರು. ತಮ್ಮ ಜೀವನಕ್ಕೆ ಆಧಾರವಾದ ವಾಚಿನ ಬಗ್ಗೆ ಇಷ್ಟು ನೇರವಾಗಿ ಮಾತಾಡಿದ್ದು ಕೇಳಿ ನನ್ನ ಮೋಹ ಸ್ವಲ್ಪ ಇಳಿಯಿತು. ಕೀ ಕೊಡುವ ವಾಚಿನ ಚಕ್ರ ಸೆಕೆಂಡಿಗೆ ಐದು ಸಲ ಬಡಿಯುತ್ತದೆ. ದಿನಕ್ಕೆ ಅರ್ಧ ನಿಮಿಷ ಹೆಚ್ಚುಕಡಿಮೆಯಾದರೆ ದೂರುವಂತಿಲ್ಲ. ಸೆಲ್ಲಿನ ಕ್ವಾರ್ಟ್ಸ್ ವಾಚಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ತಿಂಗಳಿಗೆ ಹದಿನೈದಿಪ್ಪತ್ತು ಸೆಕೆಂಡು ತಪ್ಪಬಹುದು. ನಮ್ಮ ಗಣಿತದ ಮೇಷ್ಟರು ಈ ಸಂಖ್ಯೆ ಕೇಳಿದೊಡನೆ, "ಎರಡನ್ನು ಎರಡರಿಂದ ಗುಣಿಸ್ತಾ ಹೋಗಿ ಮೇಡಂ, ಹದಿನೈದನೇದಕ್ಕೆ ಬರತ್ತೆ" ಎಂದು ಸಂತೋಷಪಟ್ಟರು.

ಎಚ್.ಎಂ.ಟಿ. ವಾಚು ಕಂಪನಿಯನ್ನು ಮುಚ್ಚಲು ಸರ್ಕಾರ 2016ರಲ್ಲಿ ತೀರ್ಮಾನಿಸಿತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋಗೆ ಹೋಯಿತು. ಅಭಿಮಾನದಿಂದ ಹಳೆಯದನ್ನು ಕೊಳ್ಳಬೇಕೆನ್ನುವವರು ಒಂದು ಎಚ್ಚರ ವಹಿಸಬೇಕು. ಹತ್ತು ವಾಚಿನ ಭಾಗಗಳನ್ನು ಕೂಡಿಸಿ, ಡಯಲಿಗೆ ಹೊಸ ಬಣ್ಣ ಬಳಿದು, ಹೊಸದರಂತೆ ಮಾರುವವರು ಬಹಳ ಜನ ಇದ್ದಾರೆ. ಕಣ್ಣು ಕುಕ್ಕುವ ಹಸಿರು, ಕೆಂಪು ಡಯಲಿನ ಜನತಾ ಕಂಡರೆ ಸಾಹೇಬರಂಥವರಿಗೆ ತೋರಿಸದೆ ದುಡ್ಡು ಕೊಡಬೇಡಿ.

ಅಗ್ಗ ಮತ್ತು ಗಟ್ಟಿ ಎಂದರೆ ಎಲ್ಲರೂ ಹೇಳುವುದು ಜಪಾನಿನ ಕ್ಯಾಸಿಯೋ ಹೆಸರನ್ನು. 1989ರಲ್ಲಿ ಬಂದ ಅವರ ಎಫ್-91ಡಬ್ಲ್ಯೂ ಇಂದಿಗೂ ಅದೇ ರೂಪದಲ್ಲಿ ಸಿಗುತ್ತದೆ. ಇಪ್ಪತ್ತೊಂದು ಗ್ರಾಂ ತೂಕ, ಒಂದು ಸೆಲ್ಲಿಗೆ ಏಳು ವರ್ಷ ಎಂದು ಕಂಪನಿಯ ಲೆಕ್ಕ. ಅವರದೇ ಜಿ-ಶಾಕ್ ಬಂದದ್ದು 1983ರಲ್ಲಿ. ಅಪ್ಪ ಕೊಟ್ಟ ವಾಚು ಬಿದ್ದು ಒಡೆದ ದುಃಖದಲ್ಲಿ ಕಿಕುವೊ ಇಬೆ ಎಂಬ ಎಂಜಿನಿಯರು ಒಡೆಯದ ವಾಚು ಮಾಡಲು ಹೊರಟರು. ಮಾದರಿಗಳನ್ನು ಮೂರನೆಯ ಮಹಡಿಯ ಶೌಚಾಲಯದ ಕಿಟಕಿಯಿಂದ ಕೆಳಗೆ ಹಾಕಿ ಹಾಕಿ ನೋಡಿದರು. ಕೊನೆಗೆ ಪಾರ್ಕಿನಲ್ಲಿ ಮಗುವೊಂದು ಚೆಂಡು ಪುಟಿಸುವುದನ್ನು ಕಂಡು, ಚೆಂಡಿನ ನಡುವೆ ಇರುವ ವಸ್ತುವಿಗೆ ಪೆಟ್ಟು ತಾಗದು ಎಂದು ಹೊಳೆಯಿತಂತೆ. ಎಷ್ಟು ಗೌರವ ಹುಟ್ಟಿಸುವ ಹಟ! ಆದರೆ ಜಿ-ಶಾಕ್ ನನ್ನ ಕೈಯ ಮೇಲೆ ಆಮೆ ಕೂತಂತೆ ಕಂಡಿತು, ಬೆಲೆಯೂ ನನ್ನ ಲೆಕ್ಕ ಮೀರಿತ್ತು. ಎಫ್-91 ಹಗುರ, ಅಗ್ಗ, ಆದರೆ ಅಂಕಿಗಳನ್ನು ಬರೆದು ತೋರಿಸುವ ವಾಚು. ಒಂದು ಗಂಟೆ ಐದು ಎಂದು ತೋರಿಸುತ್ತದೆ, ಒಂದೂ ಕಾಲಕ್ಕೆ ಇನ್ನೆಷ್ಟಿದೆ ಎಂಬುದನ್ನು ಕಳೆದು ತಿಳಿಯಬೇಕು. ಮುಳ್ಳಿನ ವಾಚಿನಲ್ಲಿ ಉಳಿದ ಹೊತ್ತು ಒಂದು ಜಾಗವಾಗಿ, ಒಬ್ಬಟ್ಟಿನ ತುಂಡಿನಂತೆ ಕಣ್ಣಿಗೆ ಕಾಣುತ್ತದೆ. ಪರೀಕ್ಷೆ ಬರೆಯುವ ಮಗುವಿಗೆ ಬೇಕಾದದ್ದು ಈಗ ಎಷ್ಟು ಗಂಟೆ ಎಂದಲ್ಲ, ಇನ್ನೆಷ್ಟು ಉಳಿದಿದೆ ಎಂದು.

ಇಷ್ಟು ಪಾಠ ಓದಿಕೊಂಡು ಒಂದು ಶನಿವಾರ ಮಧ್ಯಾಹ್ನ ಪೇಟೆ ಬೀದಿಯ ಅಂಗಡಿಗೆ ಹೋದೆ. ಹುಡುಗ ನನ್ನನ್ನು ನೋಡಿದವನೇ ಕೆಂಪು ಮಖಮಲ್ಲಿನ ಟ್ರೇ ಎಳೆದ. ಹುಣಸೆಬೀಜಗಳು ಸಾಲಾಗಿ ಮಲಗಿದ್ದವು.

"ಅಂಕಿ ಇರೋದು ತೋರ್ಸಪ್ಪ."

"ಇದರಲ್ಲಿ ರೋಮನ್ ಇದೆ ನೋಡಿ ಮೇಡಂ, ಸಖತ್ತಾಗಿದೆ."

"ಆ ಕಡೆ ಇದೆಯಲ್ಲ, ಅದು."

"ಅದು ಜೆಂಟ್ಸ್, ಮೇಡಂ."

"ಅದಕ್ಕೆ ಗೊತ್ತೇನಪ್ಪ, ಕಟ್ಟಿಕೊಳ್ಳೋರು ಯಾರು ಅಂತ?"

ಹುಡುಗ ನಕ್ಕು ತೆಗೆದುಕೊಟ್ಟ. ನನ್ನ ಮಣಿಕಟ್ಟಿನ ಸುತ್ತಳತೆ ಆರಿಂಚು. 36 ಮಿಲಿಮೀಟರಿನ ವಾಚು ಕೈಯ ಅಂಚು ದಾಟದೆ ಕೂತಿತು. 42ರದ್ದು ತಟ್ಟೆಯಂತೆ ಎರಡೂ ಕಡೆ ಚಾಚಿತು. ಕನ್ನಡಕ ತೆಗೆದು, ಕೈ ಚಾಚಿ, ಓದಲು ಬರುತ್ತದೆಯೇ ನೋಡಿದೆ. ಇದು ನಮ್ಮ ವಯಸ್ಸಿನವರು ಅಂಗಡಿಯಲ್ಲೇ ಮಾಡಬೇಕಾದ ಮೊದಲ ಪರೀಕ್ಷೆ. ದೊಡ್ಡ ಮುಳ್ಳು ನಿಮಿಷದ ಗೆರೆಯನ್ನು ಮುಟ್ಟಬೇಕು, ಸಣ್ಣದು ಅಂಕಿಯ ಬಳಿ ನಿಲ್ಲಬೇಕು. ಎರಡೂ ಒಂದೇ ಉದ್ದವಿದ್ದರೆ ಬೇಡ. ಮುಳ್ಳಿನ ಬಣ್ಣ ಡಯಲಿನ ಬಣ್ಣವಾಗಿದ್ದರೆ ಬೇಡವೇ ಬೇಡ.

ನೀರಿನ ವಿಷಯದಲ್ಲಿ ಬರೆದದ್ದನ್ನು ಅಕ್ಷರಶಃ ನಂಬಬಾರದು. ಹಿಂಬದಿಯಲ್ಲಿ '30 ಮೀಟರ್' ಎಂದಿದ್ದರೆ ಮೂವತ್ತು ಮೀಟರ್ ಆಳದ ಬಾವಿಗೆ ಇಳಿಯಬಹುದೆಂದಲ್ಲ. ಅದು ಪ್ರಯೋಗಾಲಯದಲ್ಲಿ ಅಲುಗಾಡದೆ ಇಟ್ಟು ನೋಡಿದ ಒತ್ತಡ. ದಿನದ ಲೆಕ್ಕದಲ್ಲಿ 30 ಎಂದರೆ ಮಳೆಹನಿ ಮತ್ತು ಕೈ ತೊಳೆಯುವಾಗ ಸಿಡಿಯುವ ನೀರು. 50 ಎಂದರೆ ಪಾತ್ರೆ ತೊಳೆಯಬಹುದು. 100 ಇದ್ದರೆ ಈಜಲೂಬಹುದು. ಒಳಗಿನ ರಬ್ಬರಿನ ಬಳೆ ಸೋಪು, ಬಿಸಿನೀರಿಗೆ ವರ್ಷ ಕಳೆದಂತೆ ಸೋಲುತ್ತದೆ. ಸೆಲ್ಲು ಬದಲಿಸುವಾಗ ಅದನ್ನೂ ನೋಡಿಸಬೇಕು. ಗಾಜು ಪ್ಲಾಸ್ಟಿಕ್ ಜಾತಿಯದಾದರೆ ಬೇಗ ಗೀರು ಬೀಳುತ್ತದೆ, ಆದರೆ ಒಡೆದು ಚೂರಾಗುವುದಿಲ್ಲ, ಟೂತ್‌ಪೇಸ್ಟಿನಿಂದ ಉಜ್ಜಿದರೆ ಸಣ್ಣ ಗೀರು ಹೋಗುತ್ತದೆ. ಸಫೈರ್ ಗಾಜು ವಜ್ರದ ನಂತರದ ಗಟ್ಟಿತನದ್ದು, ಬಳೆ ತಾಗಿ ಗೀರಾಗದು, ಆದರೆ ಬೆಲೆ ಜಾಸ್ತಿ. ಬಳೆ ತೊಡುವವರು ವಾಚನ್ನು ಇನ್ನೊಂದು ಕೈಗೆ ಕಟ್ಟುವುದೇ ಮೇಲು. ಪಟ್ಟಿಯಲ್ಲಿ ನೈಲಾನಿನದು ನನಗೆ ಹಿಡಿಸಿತು. ಕೇಸಿನ ಕೆಳಗೆ ಒಂದೇ ಪಟ್ಟಿಯಾಗಿ ಹಾಯುತ್ತದೆ, ಒಂದು ಪಿನ್ನು ಕಿತ್ತರೂ ಇನ್ನೊಂದರಲ್ಲಿ ವಾಚು ಉಳಿಯುತ್ತದೆ. ಬ್ರಿಟಿಷ್ ಸೇನೆ 1973ರಲ್ಲಿ ಇಂಥ ಪಟ್ಟಿಗೆ ಲೆಕ್ಕ ಬರೆದಿಟ್ಟಿತಂತೆ. ಕೊಳೆಯಾದರೆ ಕರವಸ್ತ್ರದ ಜೊತೆ ಒಗೆದು ಹಾಕಬಹುದು.

ಬಿಳಿ ಡಯಲ್, ಹನ್ನೆರಡೂ ಕಪ್ಪು ಅಂಕಿ, ಅರವತ್ತು ಗೆರೆ, ಕೆಂಪು ಸೆಕೆಂಡಿನ ಮುಳ್ಳು, 50 ಮೀಟರ್, ಬೂದು ಬಣ್ಣದ ನೈಲಾನ್ ಪಟ್ಟಿ. ಎರಡೂವರೆ ಸಾವಿರ ಕೊಟ್ಟು ಕಟ್ಟಿಕೊಂಡೇ ಹೊರಗೆ ಬಂದೆ. ಯಾವ ಕಂಪನಿ ಎಂದು ಕೇಳಬೇಡಿ, ಜಾಹೀರಾತು ಬರೆಯಲು ಕೂತವಳಲ್ಲ. ಇಷ್ಟು ಗುಣಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಯಾವ ಅಂಗಡಿಯಲ್ಲೂ ಸಿಕ್ಕೀತು. ಗಂಡಸರ ಕಡೆಯ ಟ್ರೇಯನ್ನು ಕೇಳುವಷ್ಟು ಧೈರ್ಯ ಮಾತ್ರ ಮನೆಯಿಂದ ಒಯ್ಯಬೇಕು.

ದೋಷ ಇಲ್ಲದಿಲ್ಲ. ರಾತ್ರಿ ಎಚ್ಚರವಾದಾಗ ಟಿಕ್ ಟಿಕ್ ಕೇಳಿಸುತ್ತದೆ. ಹೊಳೆಯುವ ಬಣ್ಣ ಎರಡು ಮೂರು ಗಂಟೆಯಲ್ಲಿ ಮಂಕಾಗುತ್ತದೆ. ಶಿಕ್ಷಕರ ಕೊಠಡಿಯಲ್ಲಿ ಗೆಳತಿಯೊಬ್ಬರು, "ಏನ್ರೀ ಇದು, ಮನೆಯವರದ್ದು ಕಟ್ಕೊಂಡ್ ಬಂದಿದೀರಾ? ಸೀರೆಗೆ ಒಪ್ಪೋದಿಲ್ಲ" ಎಂದರು. ಒಪ್ಪುವುದಿಲ್ಲ, ನಿಜ. ನನ್ನ ಕಪ್ಪು ಕೊಡೆಯೂ, ಟಿಫಿನ್ ಚೀಲವೂ ಸೀರೆಗೆ ಒಪ್ಪುವುದಿಲ್ಲ. ಅವನ್ನು ಯಾರೂ ಕೇಳಿಲ್ಲ. ಹಳೆಯ ಬಂಗಾರದ ವಾಚನ್ನು ನಾನು ಎಸೆದಿಲ್ಲ. ಒಡವೆಯ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಅದರ ಜಾಗ ಅದೇ. ಒಡವೆಯಾಗಿ ಅದರ ಮೇಲೆ ನನಗೆ ಯಾವ ದೂರೂ ಇಲ್ಲ.

ಮಾರ್ಚಿನ ದೊಡ್ಡ ಪರೀಕ್ಷೆ ಮುಗಿಸಿ ಆ ಹುಡುಗಿ ಒಂದು ದಿನ ಶಾಲೆಗೆ ಬಂದಿದ್ದಳು. ನಕ್ಷೆಯ ಪ್ರಶ್ನೆ ಪೂರ್ತಿ ಮಾಡಿದೆನೆಂದಳು. ಆ ದಿನದ ತಪ್ಪು ನನ್ನದು ಎಂದು ನಾನಾಗಿಯೇ ಹೇಳಿದೆ. "ಬಿಡಿ ಮಿಸ್" ಎಂದು ನಕ್ಕಳು. ಆಮೇಲೆ ನನ್ನ ಕೈಯನ್ನೇ ನೋಡಿ, "ಇಷ್ಟು ದೂರದಿಂದ್ಲೂ ಕಾಣತ್ತೆ ಮಿಸ್, ಹತ್ತೂ ನಲವತ್ತೆರಡು" ಎಂದಳು. ಈಗ ಒಂಬತ್ತನೆಯವರ ಕಿರುಪರೀಕ್ಷೆ ನಡೆಸುವಾಗ ನಾನು ವಾಚನ್ನು ಬಿಚ್ಚಿ, ಮೇಜಿನ ಮೇಲೆ ಡಸ್ಟರಿಗೆ ಒರಗಿಸಿ, ಮಕ್ಕಳ ಕಡೆ ಮುಖ ಮಾಡಿ ನಿಲ್ಲಿಸುತ್ತೇನೆ. ಮೊದಲ ಬೆಂಚಿನವರು ತಾವೇ ಓದಿ ಹಿಂದಿನವರಿಗೆ ಹೇಳುತ್ತಾರೆ. ನನ್ನನ್ನು ಯಾರೂ ಕೇಳುವುದಿಲ್ಲ.